ಸ್ಕೈಲೈನ್ ಜಿಟಿ-ಆರ್: 280 ಪಿಎಸ್ ಗೆರೆ ದಾಟಿ 400ರವರೆಗೆ, ಎಂಜಿನ್ ಕಳೆದುಕೊಳ್ಳದೆ

1988ರಲ್ಲಿ ಜಪಾನಿನ ರಸ್ತೆ ಅಪಘಾತಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಾರು ಕಂಪನಿಗಳ ಶಕ್ತಿ ಪೈಪೋಟಿಗೆ ಕಡಿವಾಣ ಬೇಕೆಂಬ ಒತ್ತಡ ಆಗಲೇ ಇತ್ತು. 1989ರಲ್ಲಿ ನಿಸಾನ್ ಫೇರ್‌ಲೇಡಿ ಝಡ್ (ಝಡ್32) 280 ಪಿಎಸ್‌ನೊಂದಿಗೆ ಬಂದಾಗ ಅದೇ ಅಂಕಿ ಎಲ್ಲರಿಗೂ ಮೇಲ್ಮಿತಿಯಾಯಿತು (ಪಿಎಸ್ ಎಂದರೆ ಮೆಟ್ರಿಕ್ ಅಶ್ವಶಕ್ತಿ). ಯಾವ ಕಾನೂನಿನಲ್ಲೂ ಅದು ಇರಲಿಲ್ಲ, ತಯಾರಕರು ತಮ್ಮತಮ್ಮಲ್ಲೇ ಒಪ್ಪಿಕೊಂಡ ಮಾತು ಅಷ್ಟೇ. ಇದರ ಜೊತೆಗೆ ಗಂಟೆಗೆ 180 ಕಿ.ಮೀ.ಗೆ ವೇಗ ಕಟ್ಟುವ ವ್ಯವಸ್ಥೆಯೂ ಇತ್ತು. ಪುಟ್ಟ ಕೇ ಕಾರುಗಳಿಗೆ 64 ಪಿಎಸ್ ಮಿತಿ ಬೇರೆ. 2004ರ ಜುಲೈನಲ್ಲಿ ತಯಾರಕರ ಸಂಘ 280ರ ಮಿತಿಯನ್ನು ಕೈಬಿಟ್ಟಿತು. ಅದೇ ಅಕ್ಟೋಬರಿನಲ್ಲಿ ಹೋಂಡಾ ಲೆಜೆಂಡ್ 300 ಪಿಎಸ್ ಎಂದು ಬಹಿರಂಗವಾಗಿಯೇ ಹೇಳಿಕೊಂಡು ಬಂತು.

ಆ ಹದಿನೈದು ವರ್ಷಗಳ ಕ್ಯಾಟಲಾಗ್ ತೆರೆದರೆ ನಗು ಬರುತ್ತದೆ. ನಿಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೊಟಾ ಸುಪ್ರಾ, ಎನ್‌ಎಸ್‌ಎಕ್ಸ್, ಜಿಟಿಒ, ಲ್ಯಾನ್ಸರ್ ಇವಲ್ಯೂಷನ್, ಇಂಪ್ರೆಜಾ ಎಸ್‌ಟಿಐ ಎಲ್ಲಕ್ಕೂ 280. ಅದೇ ಸುಪ್ರಾ ಅಮೆರಿಕದಲ್ಲಿ 320 ಅಶ್ವಶಕ್ತಿ. ಒಂದರ ಹಿಂದೆ ಒಂದು ಬಂದ ಆರ್32, ಆರ್33, ಆರ್34 ತಲೆಮಾರಿನ ಜಿಟಿ-ಆರ್‌ಗಳು ಮೂರೂ 280 ಪಿಎಸ್ ಎಂದೇ ಹೇಳಿದರೂ ಟಾರ್ಕ್ (ತಿರುಗಿಸುವ ಬಲ) ಮಾತ್ರ 36ರಿಂದ 37.5ಕ್ಕೆ, ಅಲ್ಲಿಂದ 40 ಕೆಜಿ-ಮೀಟರ್‌ಗೆ ಏರಿತು. ಟಾರ್ಕ್‌ಗೆ ಒಪ್ಪಂದ ಇರಲಿಲ್ಲವಲ್ಲ!

ಈ ಮಾರ್ಗದರ್ಶಿ ಆ ಜಿಟಿ-ಆರ್‌ಗಳ ಆರ್‌ಬಿ26ಡಿಇಟಿಟಿ ಎಂಜಿನ್‌ಗೆ ಮೀಸಲು: 2,568 ಸಿಸಿ, ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ, 8.5:1 ಕಂಪ್ರೆಷನ್, ಸಿಲಿಂಡರಿಗೊಂದು ಥ್ರಾಟಲ್. ಗುರಿ ಎಂಜಿನ್ ತುದಿಯ ಫ್ಲೈವೀಲ್‌ನಲ್ಲಿ 400 ಪಿಎಸ್, ದಿನ ಓಡಿಸಬಲ್ಲ ಕಾರು. ಒಂದು ಮಾತು ಮೊದಲೇ ತಲೆಯಲ್ಲಿರಲಿ: ಕಾರಿನೊಳಗೆ "280ರ ಬೀಗ" ಎಂಬ ಒಂದು ಭಾಗ ಇಲ್ಲ. ಟರ್ಬೈನ್ ಚಕ್ರ, ಇಂಜೆಕ್ಟರ್, ಪಂಪು, ಏರ್ ಫ್ಲೋ ಮೀಟರ್, ಕ್ಲಚ್, ಆಯಿಲ್ ಪಂಪು, ಇವು ಒಂದೊಂದೂ ಒಂದೊಂದು ಅಂಕಿಯಲ್ಲಿ ಕೈ ಎತ್ತುತ್ತವೆ. ಯಾವುದು ಮೊದಲು ಸೋಲುತ್ತದೆ ಎಂದು ತಿಳಿದು ಅದೇ ಕ್ರಮದಲ್ಲಿ ಕೈ ಹಾಕಬೇಕು. ಕೆಟ್ಟುಹೋದ ಆರ್‌ಬಿ26ಗಳಲ್ಲಿ ಎಷ್ಟೋ ಕ್ರಮ ತಪ್ಪಿದ್ದಕ್ಕೆ ಬಲಿಯಾದವು.

ಕಾನೂನಿನ ವಿಷಯ ಎರಡೇ ಸಾಲು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ. ದುಬೈ, ನ್ಯೂಜೆರ್ಸಿ, ಮೆಲ್ಬರ್ನ್ ಎಲ್ಲೇ ಇದ್ದರೂ ನೋಂದಣಿ, ಹೊಗೆ ಪರೀಕ್ಷೆ, ವಿಮೆ ಮೂರಕ್ಕೂ ಬದಲಾವಣೆಯನ್ನು ತಿಳಿಸಿ; ತಿಳಿಸದ ಬದಲಾವಣೆ ಇದ್ದರೆ ಅಪಘಾತದ ದಿನ ವಿಮೆ ಕೈಕೊಡುತ್ತದೆ.

ಮೊದಲು ಕಾಗದದ ಮೇಲೆ ಲೆಕ್ಕ

280 ಪಿಎಸ್ ಎಂದರೆ 206 ಕಿಲೋವ್ಯಾಟ್, ಇಂಗ್ಲಿಷ್ ಅಶ್ವಶಕ್ತಿಯಲ್ಲಿ 276. ಡೈನೊ (ಶಕ್ತಿ ಅಳೆಯುವ ಯಂತ್ರ) ಹಾಳೆ ನೋಡುವಾಗ ಯಾವ ಘಟಕ, ಫ್ಲೈವೀಲಿನದೋ ಚಕ್ರದ್ದೋ ಎಂದು ಮೊದಲು ಕೇಳಿ. ಚಕ್ರದ ಅಂಕಿಗೆ ಶೇಕಡಾ ಇಷ್ಟು ಸೇರಿಸಿದರೆ ಫ್ಲೈವೀಲಿನ ಅಂಕಿ ಸಿಗುತ್ತದೆ ಎಂಬ ಸೂತ್ರಗಳನ್ನು ನಂಬಬೇಡಿ. ಅದೇ ಡೈನೊ ಮೇಲೆ ಮೊದಲಿನದು ಮತ್ತು ನಂತರದ್ದು, ಈ ಎರಡರ ವ್ಯತ್ಯಾಸ ಮಾತ್ರ ನಿಜ.

ಇಂಜೆಕ್ಟರ್ ಲೆಕ್ಕ ಹೀಗಿದೆ. ಮೂಲ ಇಂಜೆಕ್ಟರ್ ನಿಮಿಷಕ್ಕೆ 444 ಸಿಸಿ, ಆರಕ್ಕೆ 2,664. ಅವನ್ನು ಶೇಕಡಾ 85ಕ್ಕಿಂತ ಹೆಚ್ಚು ಹೊತ್ತು ತೆರೆದಿಡಬಾರದು. ಅದಕ್ಕಿಂತ ಮೇಲೆ ಹೋದರೆ ಮುಚ್ಚಲು ಸಮಯ ಸಾಲದೆ ಸಿಂಪಡಣೆ ಹತೋಟಿ ತಪ್ಪುತ್ತದೆ. ಹಾಗಾಗಿ ಬಳಸಲು ಸಿಗುವುದು 2,264 ಸಿಸಿ. ಟರ್ಬೊ ಎಂಜಿನ್ ಪೂರ್ಣ ಲೋಡಿನಲ್ಲಿ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಕುಡಿಯುತ್ತದೆ. ಭಾಗಿಸಿದರೆ 359, ಪಿಎಸ್‌ನಲ್ಲಿ 364 ಹತ್ತಿರ. ಮೂಲ ಇಂಜೆಕ್ಟರಿನಲ್ಲಿ 350 ಪಿಎಸ್ ನೆಮ್ಮದಿಯ ಮಿತಿ, 400 ಅಲ್ಲ. ಫ್ಯೂಯೆಲ್ ಪ್ರೆಷರ್ ಅನ್ನು 3.0ರಿಂದ 3.5 ಬಾರ್‌ಗೆ ಏರಿಸಿದರೆ ಹರಿವು ವರ್ಗಮೂಲದ ಲೆಕ್ಕದಲ್ಲಿ ಶೇಕಡಾ 8 ಮಾತ್ರ ಹೆಚ್ಚುತ್ತದೆ, ಪಂಪಿನ ಮೇಲೆ ಹೊರೆಯೂ ಬೀಳುತ್ತದೆ. ಅಗ್ಗವೆಂದು ಅದನ್ನೇ ದಾರಿ ಮಾಡಿಕೊಂಡವರು ಕೊನೆಗೆ ಇಂಜೆಕ್ಟರ್ ಕೊಂಡೇ ಕೊಳ್ಳುತ್ತಾರೆ. 550 ಸಿಸಿ ಹಾಕಿದರೆ ಅದೇ ಲೆಕ್ಕದಲ್ಲಿ 450 ಪಿಎಸ್‌ವರೆಗೆ ಜಾಗ ಸಿಗುತ್ತದೆ.

ಎರಡು 65 ಮಿ.ಮೀ. ಏರ್ ಫ್ಲೋ ಮೀಟರ್‌ಗಳು 450 ಪಿಎಸ್ ಆಸುಪಾಸಿನವರೆಗೆ ಓದುತ್ತವೆ, ನಮ್ಮ ಗುರಿಗೆ ಸಾಕು. ಮೂಲ ಟರ್ಬೊಗಳ ಟರ್ಬೈನ್ ಚಕ್ರ ಸೆರಾಮಿಕ್. ಅದರ ಕಥೆ ಮುಂದೆ ಬರುತ್ತದೆ.

ಹಂತ 1: ಎಂಜಿನ್ ಆರೋಗ್ಯ

ಈ ಕಾರುಗಳಲ್ಲಿ ಹೊಸದಕ್ಕೇ ಇಪ್ಪತ್ತು ವರ್ಷ ದಾಟಿದೆ. ಒಂದು ರೂಪಾಯಿಯ ಭಾಗ ಕೊಳ್ಳುವ ಮುಂಚೆ ಇವು ಆಗಲಿ.

ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಬಿಸಿಯಿರಬೇಕು. ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲಲು ಬಿಡಿ, ಕಾಯಿಲ್ ಕನೆಕ್ಟರ್ ಬಿಚ್ಚಿ, ಆರೂ ಪ್ಲಗ್ಗು ತೆಗೆಯಿರಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೂಜಿ ನಿಲ್ಲುವವರೆಗೆ ಕ್ರ್ಯಾಂಕ್ ಮಾಡಿ. ನಿಸಾನ್ ಅಳತೆ 12.0 ಕೆಜಿ/ಸೆಂ.ಮೀ.² (171 ಪಿಎಸ್‌ಐ), ಕನಿಷ್ಠ 9.0, ಸಿಲಿಂಡರುಗಳ ನಡುವೆ ವ್ಯತ್ಯಾಸ 1.0 ಮೀರಬಾರದು. ಆರೂ 10.5 ಇದ್ದರೆ ಚಿಂತೆಯಿಲ್ಲ. ಐದು 12, ಆರನೆಯದು 10 ಇದ್ದರೆ ಅಲ್ಲಿಗೆ ನಿಲ್ಲಿಸಿ ಲೀಕ್-ಡೌನ್ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಪರೀಕ್ಷೆ) ಮಾಡಿಸಿ. ಗಾಳಿ ಎಲ್ಲಿಂದ ಹೊರಡುತ್ತದೆ ಎಂದು ಕಿವಿಗೊಟ್ಟು ಕೇಳಿ. ಆಯಿಲ್ ಫಿಲ್ಲರ್‌ನಿಂದಾದರೆ ರಿಂಗು, ಎಕ್ಸಾಸ್ಟ್‌ನಿಂದಾದರೆ ವಾಲ್ವು, ರೇಡಿಯೇಟರ್‌ನಲ್ಲಿ ಗುಳ್ಳೆಯಾದರೆ ಹೆಡ್ ಗ್ಯಾಸ್ಕೆಟ್.

ಆರನೇ ಸಿಲಿಂಡರಿನ ಪ್ಲಗ್ಗನ್ನು ಬೇರೆಯಾಗಿಯೇ ನೋಡಿ. ಸಿಲಿಂಡರುಗಳಿಗೆ ಗಾಳಿ ಹಂಚುವ ಡಬ್ಬಿಯಾದ ಪ್ಲೀನಮ್‌ನ ಆಕಾರದಿಂದ ಹಿಂಬದಿ ಸಿಲಿಂಡರುಗಳಿಗೆ ಗಾಳಿ ಹೆಚ್ಚು ಹೋಗುತ್ತದೆ, ಪೆಟ್ರೋಲ್ ಮಾತ್ರ ಎಲ್ಲಕ್ಕೂ ಸಮ. ಹಾಗಾಗಿ ಆರನೆಯದು ತೆಳುವಾಗಿ, ಬಿಸಿಯಾಗಿ ಉರಿಯುತ್ತದೆ, ನಾಕ್ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು) ಮೊದಲು ಕಾಣಿಸುವುದೂ ಅಲ್ಲೇ. ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಎರಚಿದ ಹಾಗೆ ಕಪ್ಪು ಚುಕ್ಕೆಗಳೋ ಬೆಳ್ಳಿಯಂಥ ಸಣ್ಣ ಕಣಗಳೋ ಕಂಡರೆ ಆ ಎಂಜಿನ್ ಆಗಲೇ ನಾಕ್ ತಿಂದಿದೆ, ಕಣಗಳು ಪಿಸ್ಟನ್‌ನ ಅಲ್ಯೂಮಿನಿಯಂ.

ಟೈಮಿಂಗ್ ಬೆಲ್ಟು ಯಾವಾಗ ಬದಲಾಗಿದೆ ಎಂಬುದಕ್ಕೆ ರಸೀದಿ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಬೆಲ್ಟು, ಟೆನ್ಷನರ್, ಐಡ್ಲರ್, ವಾಟರ್ ಪಂಪು ಒಟ್ಟಿಗೆ ಮಾಡಿಸಿ. ಬಳಿಕ ಇನ್‌ಟೇಕ್ ಪೈಪುಗಳಿಗೆ ಮುಚ್ಚಳ ಹಾಕಿ ಕಂಪ್ರೆಸರ್‌ನಿಂದ 1 ಬಾರ್ ಗಾಳಿ ಕೊಟ್ಟು ಸೋಪಿನ ನೀರು ಸಿಂಪಡಿಸಿ. ಮೂವತ್ತು ವರ್ಷದ ರಬ್ಬರ್ ಹೋಸುಗಳಲ್ಲಿ ಸೋರಿಕೆ ಸಿಗದ ಜಿಟಿ-ಆರ್ ಅಪರೂಪ. ಸೋರಿದ ಗಾಳಿಯನ್ನು ಮೀಟರ್ ಆಗಲೇ ಎಣಿಸಿಬಿಟ್ಟಿರುತ್ತದೆ. ಇಲ್ಲದ ಗಾಳಿಗೆ ಪೆಟ್ರೋಲ್ ಬಿದ್ದು ಮಿಶ್ರಣ ದಪ್ಪವಾಗುತ್ತದೆ, ಟರ್ಬೊ ಮಾತ್ರ ಅದೇ ಬೂಸ್ಟ್‌ಗಾಗಿ (ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಇನ್ನೂ ಜೋರಾಗಿ ತಿರುಗುತ್ತಿರುತ್ತದೆ.

ಹಂತ 2: ಅಳತೆಯ ಕಣ್ಣುಗಳು

ನಾಲ್ಕು ಬೇಕು. ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್ (ಲ್ಯಾಂಬ್ಡಾ 1.0 ಎಂದರೆ ಸರಿಸಮ, ಅದಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಹೆಚ್ಚು), ಎರಡೂ ಟರ್ಬೊಗಳ ಪೈಪು ಸೇರಿದ ನಂತರದ ಜಾಗದಲ್ಲಿ, ತಲೆ ಕೆಳಗಾಗದಂತೆ ಕನಿಷ್ಠ 10° ವಾಲಿಸಿ. ಇಲ್ಲದಿದ್ದರೆ ನೀರಿನ ಹನಿ ಕೂತು ಸೆನ್ಸರ್ ಒಡೆಯುತ್ತದೆ. ಬೂಸ್ಟ್ ಗೇಜು, ಅದರ ಹೋಸು ಪ್ಲೀನಮ್‌ನಿಂದ; ಟರ್ಬೊ ಬಾಯಿಂದ ತೆಗೆದರೆ ಇಂಟರ್‌ಕೂಲರ್‌ನ ನಷ್ಟ ಸೇರಿ ಅಂಕಿ ಹೆಚ್ಚಾಗಿ ಕಾಣುತ್ತದೆ. ಆಯಿಲ್ ಪ್ರೆಷರ್, ಆಯಿಲ್ ಟೆಂಪರೇಚರ್. ಇಷ್ಟಿಲ್ಲದೆ ಬೂಸ್ಟ್ ಮುಟ್ಟಬೇಡಿ.

ನಾಕ್ ಕೇಳಲು ಬ್ಲಾಕ್‌ಗೆ ಬಿಗಿದ ಸೆನ್ಸರ್ ಮತ್ತು ಹೆಡ್‌ಫೋನ್ ಇರುವ ಉಪಕರಣ ಟ್ಯೂನರ್ ಬಳಿ ಇರಬೇಕು. ಪವರ್ ಎಫ್‌ಸಿ ಎಂಬ ಬದಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪರದೆಯಲ್ಲಿ ಬರುವ ನಾಕ್ ಅಂಕಿ ಬರೀ ಸಾಪೇಕ್ಷ. ಒಂದು ಕಾರಿನಲ್ಲಿ 30 ಸಹಜ, ಇನ್ನೊಂದರಲ್ಲಿ ಅದೇ 30 ಅಪಾಯ.

ಹಂತ 3: ಕಿಡಿ ಮತ್ತು ಗಾಳಿಯ ಮೀಟರ್

ಬೂಸ್ಟ್ ಏರಿದಂತೆ ಪ್ಲಗ್ಗಿನ ಅಂತರ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಎನ್‌ಜಿಕೆ ಬಿಸಿಪಿಆರ್7ಇಎಸ್ ಪ್ಲಗ್ಗು, ಅಂತರ 0.8 ಮಿ.ಮೀ. 400 ಪಿಎಸ್‌ಗೆ ತಾಮ್ರದ ಮಾಮೂಲಿ ಪ್ಲಗ್ಗು ಧಾರಾಳ ಸಾಕು, ಬೇಗ ಬದಲಿಸಿದರಾಯಿತು. 5,500 ಆರ್‌ಪಿಎಂ ಮೇಲೆ ಪೂರ್ಣ ಬೂಸ್ಟ್‌ನಲ್ಲಿ ತಡವರಿಸಿದರೆ ಜನ ಪೆಟ್ರೋಲ್ ಹುಡುಕುತ್ತಾರೆ. ಹತ್ತರಲ್ಲಿ ಎಂಟು ಸಲ ಅದು ಬಿರುಕುಬಿಟ್ಟ ಕಾಯಿಲ್. ಆರ್32, ಆರ್33ರಲ್ಲಿ ಇಗ್ನೈಟರ್ ಬೇರೆ ಡಬ್ಬಿ, ಹೆಡ್ಡಿನ ಹಿಂಭಾಗದಲ್ಲಿ ಬಿಸಿ ತಿನ್ನುತ್ತಾ ಕೂತಿರುತ್ತದೆ. ಆರ್34ರಲ್ಲಿ ಕಾಯಿಲ್ ಒಳಗೇ ಇದೆ. ಕಾಯಿಲ್ ಬದಲಿಸುವಾಗ ವೈರಿಂಗ್ ತುಂಡನ್ನೂ ಬದಲಿಸಿ, ಕ್ಲಿಪ್ಪುಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತವೆ.

ಏರ್ ಫ್ಲೋ ಮೀಟರಿನ ಒಳಗಿನ ಬೆಸುಗೆ ಬಿರುಕು ಬಿಡುವುದು ಈ ಕಾರಿನ ಹುಟ್ಟುರೋಗ. ಐಡ್ಲಿಂಗ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಮೀಟರ್ ಮೇಲೆ ಮೆಲ್ಲಗೆ ತಟ್ಟಿ. ಎಂಜಿನ್ ತೊದಲಿದರೆ ಮುಚ್ಚಳ ಬಿಚ್ಚಿ ಕನೆಕ್ಟರ್ ಪಿನ್ನುಗಳ ಬೆಸುಗೆಯನ್ನು ಮತ್ತೆ ಕರಗಿಸಿ ಹಾಕಿ. ಎರಡು ಮೀಟರಿನ ವೋಲ್ಟೇಜ್ ಒಂದೇ ಆರ್‌ಪಿಎಂನಲ್ಲಿ ಹೆಚ್ಚೂಕಡಿಮೆ ಒಂದೇ ಇರಬೇಕು. ಇಲ್ಲದಿದ್ದರೆ ಇಸಿಯು ಸರಾಸರಿ ತೆಗೆದು ತಪ್ಪು ಲೆಕ್ಕ ಹಾಕುತ್ತದೆ.

ಹಂತ 4: ಪೆಟ್ರೋಲ್

ಪಂಪು ಮೊದಲು, ಇಂಜೆಕ್ಟರ್ ಆಮೇಲೆ. ರೆಗ್ಯುಲೇಟರ್ ಬೂಸ್ಟ್ ಏರಿದಷ್ಟೇ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪು) ಪ್ರೆಷರನ್ನೂ ಏರಿಸುತ್ತದೆ: ಮೂಲ 3 ಬಾರ್, 1 ಬಾರ್ ಬೂಸ್ಟ್, ಅಲ್ಲಿಗೆ ಪಂಪು 4 ಬಾರ್ ವಿರುದ್ಧ ತಳ್ಳಬೇಕು. ಪ್ರೆಷರ್ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ. ಪೆಟ್ಟಿಗೆಯ ಮೇಲಿನ 255 ಲೀಟರ್ ಎಂಬುದನ್ನು 4 ಬಾರ್‌ನ ಗ್ರಾಫ್ ನೋಡದೆ ನಂಬಬೇಡಿ. ನಿಸ್ಮೊ ಅಥವಾ ವಾಲ್‌ಬ್ರೊ ದರ್ಜೆಯ ಟ್ಯಾಂಕ್ ಒಳಗಿನ ಪಂಪು ಈ ಗುರಿಗೆ ಸಾಕು. ನಕಲಿ ವಾಲ್‌ಬ್ರೊ ಮಾರುಕಟ್ಟೆಯ ತುಂಬ ಇದೆ, ಪರಿಚಯದ ಕಡೆ ಕೊಳ್ಳಿ.

ಪಂಪಿಗೆ ಹೋಗುವ ಮೂಲ ತಂತಿ ತೆಳು. ಜೊತೆಗೆ ಮೂಲ ಪಂಪ್ ಕಂಟ್ರೋಲ್ ಮಾಡ್ಯೂಲ್ ಕಡಿಮೆ ಲೋಡಿನಲ್ಲಿ ವೋಲ್ಟೇಜ್ ಇಳಿಸುತ್ತದೆ. ರಿಲೇ ಹಾಕಿ. ಬ್ಯಾಟರಿ ಡಿಕ್ಕಿಯಲ್ಲೇ ಇರುವುದರಿಂದ ಕೆಲಸ ಸುಲಭ:

1. ಬ್ಯಾಟರಿ ಧನ ತುದಿಯಿಂದ 20 ಸೆಂ.ಮೀ. ಒಳಗೆ 20 ಆಂಪಿಯರ್ ಫ್ಯೂಸ್, ಅಲ್ಲಿಂದ 4 ಚದರ ಮಿ.ಮೀ. ತಂತಿ ರಿಲೇಯ 30ನೇ ಕಾಲಿಗೆ.
2. 87ನೇ ಕಾಲಿನಿಂದ ಪಂಪಿನ ಧನ ತುದಿಗೆ.
3. ಪಂಪಿಗೆ ಬರುತ್ತಿದ್ದ ಹಳೇ ಧನ ತಂತಿ 86ಕ್ಕೆ, 85 ಬಾಡಿಗೆ. ಇದರಿಂದ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಇಗ್ನಿಷನ್‌ನಿಂದ ನೇರ ಟ್ರಿಗರ್ ತೆಗೆದವರ ಕಾರು ಅಪಘಾತದಲ್ಲಿ ಪೈಪ್ ತುಂಡಾದರೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.
4. ಪಂಪಿನ ಋಣ ತುದಿಯನ್ನು ಬಣ್ಣ ಕೆರೆದ ಲೋಹಕ್ಕೆ ನೇರ ಕಟ್ಟಿ.

ಎಂಜಿನ್ ಓಡುವಾಗ ಪಂಪಿನ ತುದಿಯಲ್ಲೇ ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ 13.8 ಇದ್ದರೆ ಇಲ್ಲಿ 13.3ಕ್ಕಿಂತ ಕಡಿಮೆ ಬರಬಾರದು. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸು ಕಿತ್ತಾಗ ಐಡ್ಲಿಂಗ್ ಪ್ರೆಷರ್ 3 ಬಾರ್ ಇರಬೇಕು. 3.5 ತೋರಿಸಿದರೆ ದೊಡ್ಡ ಪಂಪಿನ ಹರಿವನ್ನು ಹಳೇ ರೆಗ್ಯುಲೇಟರ್ ಹಿಂದಕ್ಕೆ ಬಿಡಲಾರದೆ ಹೋಗಿದೆ ಎಂದರ್ಥ, ಅದನ್ನೂ ಬದಲಿಸಿ.

ಇಂಜೆಕ್ಟರ್ ಆರಿಸುವಾಗ ಇಂಪಿಡೆನ್ಸ್ (ವಿದ್ಯುತ್ ತಡೆ) ನೋಡಿ. ಮೂಲದವು ಲೋ ಇಂಪಿಡೆನ್ಸ್, ಜೊತೆಗೆ ರೆಸಿಸ್ಟರ್ ಪ್ಯಾಕ್ ಇದೆ. ಹೈ ಇಂಪಿಡೆನ್ಸ್ 550 ಸಿಸಿ ಹಾಕಿದರೆ ಆ ಪ್ಯಾಕನ್ನು ಬೈಪಾಸ್ ಮಾಡಬೇಕು. ಮರೆತರೆ ಐಡ್ಲಿಂಗ್ ಕುಂಟುತ್ತದೆ. ಲೋ ಇಂಪಿಡೆನ್ಸ್ ಹಾಕಿ ಪ್ಯಾಕ್ ತೆಗೆದರೆ ಇಸಿಯು ಡ್ರೈವರ್ ಸುಡುತ್ತದೆ. ಓ-ರಿಂಗಿಗೆ ಹೊಸ ಆಯಿಲ್ ಸವರಿ ನೇರವಾಗಿ ಒತ್ತಿ, ತಿರುಚಬೇಡಿ. ಎಂಜಿನ್ ಚಾಲೂ ಮಾಡುವ ಮೊದಲು ಪಂಪು ಮಾತ್ರ ಓಡಿಸಿ ರೈಲ್ ಸುತ್ತ ಒಣ ಬಟ್ಟೆ ಒತ್ತಿ ನೋಡಿ.

ಹಂತ 5: ಎಕ್ಸಾಸ್ಟ್, ಬೂಸ್ಟ್, ಮತ್ತು ಸೆರಾಮಿಕ್ ಚಕ್ರ

ಟರ್ಬೈನ್ ಹಿಂದಿನ ಒತ್ತಡ ಇಳಿದಷ್ಟೂ ಟರ್ಬೊ ಬೇಗ ಏಳುತ್ತದೆ. ಫ್ರಂಟ್ ಪೈಪು, 80 ಮಿ.ಮೀ. ಎಕ್ಸಾಸ್ಟ್, 200 ಸೆಲ್ ಲೋಹದ ಕ್ಯಾಟ್ (ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್), ಇಷ್ಟು ಸಾಕು. ಕ್ಯಾಟ್ ಕಿತ್ತು ಹಾಕಿದರೆ ಸಿಗುವ ಲಾಭ ಅತ್ಯಲ್ಪ, ವಾಸನೆಯೂ ಕೇಸೂ ಬೇರೆ. ಎಕ್ಸಾಸ್ಟಿನ ಅಡೆತಡೆ ಕಡಿಮೆಯಾದ ದಿನವೇ ಬೂಸ್ಟ್ ತಾನಾಗಿ ಏರಬಹುದು. ಹಾಕಿದ ತಕ್ಷಣ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದು ಎಳೆತ ಎಳೆದು ಗೇಜು ನೋಡಿ.

ಆರ್32ರಲ್ಲಿ ಬೂಸ್ಟ್ ಸೊಲೆನಾಯ್ಡಿನ ಹೋಸಿನೊಳಗೆ ಸಣ್ಣ ತೂತಿನ ರೆಸ್ಟ್ರಿಕ್ಟರ್ ಕೂರಿಸಿದ್ದಾರೆ. ಅದನ್ನು ತೆಗೆದರೆ ಬೂಸ್ಟ್ ಸುಮಾರು 0.7ರಿಂದ 0.9–1.0 ಬಾರ್‌ಗೆ ನೆಗೆಯುತ್ತದೆ. 280ರ ಬೀಗಕ್ಕೆ ತೀರ ಹತ್ತಿರದ ವಸ್ತು ಯಾವುದಾದರೂ ಇದ್ದರೆ ಇದೇ. ಪುಕ್ಕಟೆ ಶಕ್ತಿ ಎಂದು ಮೊದಲ ದಿನವೇ ಇದನ್ನು ಕೀಳುವವರು ಹೆಚ್ಚು, ಮತ್ತು ಟರ್ಬೊ ಕಳೆದುಕೊಳ್ಳುವವರೂ ಅವರೇ.

ಕಾರಣ ಇಷ್ಟೇ. ಸೆರಾಮಿಕ್ ಹಗುರ, ಹಾಗಾಗಿ ಬೇಗ ತಿರುಗುತ್ತದೆ. ಆದರೆ ಅತಿವೇಗ ಮತ್ತು ಅತಿತಾಪ ಸೇರಿದಾಗ ಚಕ್ರ ಶಾಫ್ಟಿನಿಂದ ಕಳಚಿಕೊಳ್ಳುತ್ತದೆ. ಬಹುಪಾಲು ಚೂರು ಎಕ್ಸಾಸ್ಟಿಗೆ ಹೋಗಿ ಕ್ಯಾಟನ್ನು ಹಾಳುಮಾಡುತ್ತವೆ. ನಯವಾದ ಪುಡಿ ಎಕ್ಸಾಸ್ಟ್ ಮಿಡಿತದೊಂದಿಗೆ ಹಿಂದಕ್ಕೆ ಸಿಲಿಂಡರ್ ಸೇರಿ ಗೋಡೆ ಗೀಚಿದರೆ ಎಂಜಿನ್ನೇ ಬಿಚ್ಚಬೇಕು. ಸೆರಾಮಿಕ್ ಇರುವವರೆಗೆ 0.9 ಬಾರ್ ಕಟ್ಟುನಿಟ್ಟು.

ಎತ್ತರದ ಊರಿನವರಿಗೆ ಇನ್ನೂ ಒಂದು ಎಚ್ಚರಿಕೆ. ಟರ್ಬೊಗೆ ಗೇಜಿನ ಅಂಕಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒತ್ತಡದ ಅನುಪಾತ. ಸಮುದ್ರಮಟ್ಟದಲ್ಲಿ 0.9 ಬಾರ್ ಎಂದರೆ ಅನುಪಾತ 1.9. ಡೆನ್ವರ್‌ನಂಥ 1,600 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿ ಸುಮಾರು 0.83 ಬಾರ್, ಗೇಜಿನಲ್ಲಿ ಅದೇ 0.9 ಕಂಡರೂ ಅನುಪಾತ 2.08. ಚಕ್ರ ಇನ್ನೂ ವೇಗವಾಗಿ ತಿರುಗುತ್ತಿದೆ. ಅಲ್ಲಿ 0.75ಕ್ಕೆ ನಿಲ್ಲಿಸಿ.

ಈ ಹಂತದ ಹೊತ್ತಿಗೆ ಮ್ಯಾಪ್ (ಇಸಿಯುನಲ್ಲಿನ ಪೆಟ್ರೋಲ್, ಕಿಡಿಯ ಕೋಷ್ಟಕ) ಸರಿಪಡಿಸಿದ ಆರೋಗ್ಯವಂತ ಎಂಜಿನ್ 340 ಪಿಎಸ್ ಹತ್ತಿರ ಇರುತ್ತದೆ. ಬಹಳ ಜನರಿಗೆ ಇಷ್ಟೇ ಸಾಕು, ಇಲ್ಲೇ ನಿಂತರೆ ಬುದ್ಧಿವಂತಿಕೆ. ಮುಂದೆ ಹೋಗುವವರು ಉಕ್ಕಿನ ಟರ್ಬೈನಿನ ಜೋಡಿ ಟರ್ಬೊ ಹಾಕಬೇಕು. ಗ್ಯಾರೆಟ್ ಜಿಟಿ2860ಆರ್, ಎಲ್ಲರೂ "-9" ಎನ್ನುವುದು, ಮೂಲದ ಜಾಗಕ್ಕೇ ಕೂರುತ್ತದೆ, 400 ಪಿಎಸ್ ಅದಕ್ಕೆ ಲೀಲಾಜಾಲ. "-5" ದೊಡ್ಡದು. 550 ಪಿಎಸ್ ಬೇಡದವರು ಅದನ್ನು ಹಾಕಿದರೆ 4,000 ಆರ್‌ಪಿಎಂವರೆಗೆ ಕಾಯುವ ಶಿಕ್ಷೆ ಮಾತ್ರ ಸಿಗುತ್ತದೆ, ಜೊತೆಗೆ ಎರಡು ಟರ್ಬೊಗಳು ಒಂದನ್ನೊಂದು ತಳ್ಳಾಡುವ ಶಫಲ್ ಕಾಟ.

ಟರ್ಬೊ ಕೂರಿಸುವಾಗ ಆಯಿಲ್ ಮತ್ತು ನೀರಿನ ಪೈಪುಗಳಿಗೆ ಹೊಸ ತಾಮ್ರದ ವಾಷರ್, ಮ್ಯಾನಿಫೋಲ್ಡಿಗೆ ಹೊಸ ಸ್ಟಡ್, ಹೊಸ ಗ್ಯಾಸ್ಕೆಟ್. ಹಿಂಬದಿ ಸ್ಟಡ್ ಮುರಿದಿರುವುದು ಮಾಮೂಲು. ಎಂಜಿನ್ ಕಾರಿನಲ್ಲೇ ಇರುವಾಗ ಅದನ್ನು ಕೊರೆದು ತೆಗೆಯುವುದು ಅರ್ಧ ದಿನದ ಕೆಲಸ. ಎರಡೂ ವೇಸ್ಟ್‌ಗೇಟ್ (ಬೂಸ್ಟ್ ಮಿತಿಮೀರದಂತೆ ಹೊಗೆಯನ್ನು ಬೇರೆ ದಾರಿಗೆ ಬಿಡುವ ಬಾಗಿಲು) ಆಕ್ಚುಯೇಟರುಗಳ ರಾಡಿನ ಬಿಗಿ ಸಮ ಇರಬೇಕು. ಕೈಪಂಪಿನಿಂದ ಗಾಳಿ ಕೊಟ್ಟು ಎರಡೂ ಒಂದೇ ಒತ್ತಡಕ್ಕೆ ಅಲುಗುತ್ತವೆಯೇ ನೋಡಿ. ಮೊದಲ ಚಾಲನೆಗೆ ಮುನ್ನ ಟರ್ಬೊಗೆ ಆಯಿಲ್ ತುಂಬಿ, ಕಾಯಿಲ್ ಕನೆಕ್ಟರ್ ಮತ್ತು ಪಂಪಿನ ಫ್ಯೂಸ್ ತೆಗೆದು, ಪ್ರೆಷರ್ ಬರುವವರೆಗೆ ಕ್ರ್ಯಾಂಕ್ ಮಾಡಿ.

ಹಂತ 6: ಮ್ಯಾಪಿಂಗ್

ಮೂಲ ಇಸಿಯು ತನ್ನ ಮ್ಯಾಪ್ ದಾಟಿದ ಗಾಳಿ ಕಂಡರೆ ಪೆಟ್ರೋಲ್ ಸುರಿದು ಟೈಮಿಂಗ್ (ಕಿಡಿ ಹೊಡೆಯುವ ಹೊತ್ತು) ಹಿಂದಕ್ಕೆಳೆಯುತ್ತದೆ. ಕಪ್ಪು ಹೊಗೆ ಬಂದು ಕಾರು ಮಂಕಾದರೆ ಅದೇ ಲಕ್ಷಣ. ಆರ್32ಕ್ಕೆ ನಿಸ್‌ಟ್ಯೂನ್ ಬೋರ್ಡ್ ಅಗ್ಗದ ದಾರಿ. ಲಿಂಕ್, ಹಾಲ್‌ಟೆಕ್‌ನ ಪ್ಲಗ್-ಇನ್ ಇಸಿಯುಗಳಲ್ಲಿ ನಾಕ್ ನಿಗಾ, ಆಯಿಲ್ ಪ್ರೆಷರ್ ಬಿದ್ದರೆ ಎಂಜಿನ್ ಕಟ್ ಮಾಡುವ ರಕ್ಷಣೆ ಸಿಗುತ್ತದೆ. ಎಂಜಿನ್‌ನ ಬೆಲೆ ಲೆಕ್ಕ ಹಾಕಿದರೆ ಎರಡನೆಯದೇ ಅಗ್ಗ. 180 ಕಿ.ಮೀ. ಲಿಮಿಟರ್ ಕೂಡ ಇಸಿಯುನಲ್ಲೇ ಹೋಗುತ್ತದೆ. ಅದು ಟ್ರ್ಯಾಕಿಗೆ ಮಾತ್ರ, ಆ ವೇಗಕ್ಕೆ ಒಪ್ಪುವ ಹೊಸ ಟೈರಿನೊಂದಿಗೆ.

ಪೆಟ್ರೋಲ್ ಯಾವುದು ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಈ ಕಾರುಗಳ ಟೈಮಿಂಗ್ ಬರೆದಿರುವುದು ಜಪಾನಿನ 100 ಆಕ್ಟೇನ್ ಹತ್ತಿರದ ಹೈ-ಆಕ್ಟೇನ್ ಪೆಟ್ರೋಲಿಗೆ. ಕ್ಯಾಲಿಫೋರ್ನಿಯಾ ಬಂಕಿನ 91 ಬೇರೆ ಪದ್ಧತಿಯ ಅಂಕಿ, ಜಪಾನಿನ ಅಳತೆಯಲ್ಲಿ ಸುಮಾರು 95–96. ಅಲ್ಲಿಗೆ ಇಳಿದ ಕಾರು ಏನೂ ಮಾಡದೆಯೂ ನಾಕ್ ಅಂಚಿನಲ್ಲಿರುತ್ತದೆ. ಮ್ಯಾಪಿನ ಬೂಸ್ಟ್ ಕೋಶಗಳಲ್ಲಿ ಟೈಮಿಂಗ್ 3–4° ಕಡಿತದಿಂದಲೇ ಆರಂಭಿಸಬೇಕು. ದುಬೈ, ಆಸ್ಟ್ರೇಲಿಯಾದ 98 ಪರವಾಗಿಲ್ಲ. ಎಥೆನಾಲ್ ಬೆರೆತ ಪೆಟ್ರೋಲಿಗೆ 14.7ರ ಹಳೆಯ ಅನುಪಾತ ಹೊಂದುವುದಿಲ್ಲ, ಆದ್ದರಿಂದ ಗುರಿಯನ್ನೆಲ್ಲ ಲ್ಯಾಂಬ್ಡಾದಲ್ಲೇ ಇಟ್ಟುಕೊಳ್ಳಿ.

ಡೈನೊ ನಾಲ್ಕು ಚಕ್ರದ್ದಾಗಿರಲಿ, ಹಿಂದುಮುಂದಿನ ರೋಲರುಗಳು ಒಂದಕ್ಕೊಂದು ಜೋಡಿಸಿರಲಿ. ಎರಡು ಚಕ್ರದ ಡೈನೊ ಮಾತ್ರ ಸಿಕ್ಕರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಳಚಲೇಬೇಕು. ಹಾಗೇ ಓಡಿಸಿದರೆ ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಅಟೆಸಾ ವ್ಯವಸ್ಥೆಯ ಟ್ರಾನ್ಸ್‌ಫರ್ ಕ್ಲಚ್ ಸುಟ್ಟುಹೋಗುತ್ತದೆ. ಎಳೆತ 1:1 ಗೇರಿನಲ್ಲಿ: ಆರ್32, ಆರ್33ರಲ್ಲಿ ನಾಲ್ಕನೆಯದು, ಆರ್34ರ ಆರು ಗೇರಿನ ಗೆಟ್ರಾಗ್‌ನಲ್ಲಿ ಐದನೆಯದು.

ಕೆಲಸದ ಕ್ರಮ:

1. ಇಂಜೆಕ್ಟರ್ ಗಾತ್ರ ಮತ್ತು ವೋಲ್ಟೇಜಿಗೆ ತಕ್ಕ ತೆರೆಯುವ ವಿಳಂಬ ತುಂಬಿಸಿ. ಹೆಡ್‌ಲೈಟ್ ಹಾಕಿದಾಗ ಐಡ್ಲಿಂಗ್ ಮಿಶ್ರಣ ಅಲುಗಾಡಿದರೆ ವಿಳಂಬದ ಅಂಕಿ ತಪ್ಪಾಗಿದೆ.
2. ಟೈಮಿಂಗ್ ಲೈಟಿನಿಂದ ಬೇಸ್ ಟೈಮಿಂಗ್ ಖಚಿತಪಡಿಸಿ. ಒಂದನೇ ಕಾಯಿಲ್ ಮತ್ತು ಪ್ಲಗ್ಗಿನ ನಡುವೆ ಒಂದು ಪ್ಲಗ್ ಲೀಡ್ ಹಾಕಿ ಅದಕ್ಕೆ ಕ್ಲಿಪ್ ಕಚ್ಚಿಸಿ. ಪರದೆಯಲ್ಲಿ 20° ಇದ್ದರೆ ಪುಲ್ಲಿಯ ಗುರುತಿನಲ್ಲೂ 20° ಇರಬೇಕು. ಇಲ್ಲದಿದ್ದರೆ ಕ್ರ್ಯಾಂಕ್ ಆಂಗಲ್ ಸೆನ್ಸರ್ ತಿರುಗಿಸಿ ಕೂರಿಸಿ. ಈ ಹೆಜ್ಜೆ ಬಿಟ್ಟರೆ ಮುಂದಿನ ಮ್ಯಾಪ್ ಎಲ್ಲ ಊಹೆ.
3. ಐಡ್ಲಿಂಗ್, ಕ್ರೂಸಿಂಗ್ ಲ್ಯಾಂಬ್ಡಾ 1.0. ಬೂಸ್ಟ್ ಶುರುವಾಗುವಲ್ಲಿ 0.90, 1 ಬಾರ್ ಪೂರ್ಣ ಲೋಡಿನಲ್ಲಿ 0.78–0.80.
4. ಬೂಸ್ಟ್ ಕಂಟ್ರೋಲರ್ ಡ್ಯೂಟಿ (ಅದರ ಸೊಲೆನಾಯ್ಡ್ ತೆರೆದಿರುವ ಶೇಕಡಾವಾರು ಹೊತ್ತು) ಸೊನ್ನೆ ಇಟ್ಟು ವೇಸ್ಟ್‌ಗೇಟ್ ಸ್ಪ್ರಿಂಗಿನ ಬೂಸ್ಟ್‌ನಲ್ಲೇ ಮೊದಲ ಎಳೆತಗಳು. ಟೈಮಿಂಗ್ ಟಾರ್ಕ್ ಶಿಖರದಲ್ಲಿ 12°, 7,000ರಲ್ಲಿ 18°, ಇಷ್ಟು ಅಂಜುಬುರುಕತನ ಆರಂಭಕ್ಕೆ ಒಳ್ಳೆಯದು.
5. ಡ್ಯೂಟಿ ಶೇಕಡಾ 5ರಂತೆ ಏರಿಸಿ 1.1 ಬಾರ್ ತಲುಪಿ. ಕ್ಷಣಿಕ ಜಿಗಿತ 0.1 ಬಾರ್ ಮೀರಿದರೆ ಡ್ಯೂಟಿ ಇಳಿಸಿ.
6. ಈಗ ಟೈಮಿಂಗ್ 1°ಯಂತೆ ಏರಿಸಿ. ಟಾರ್ಕ್ ಏರುವುದು ನಿಂತರೆ ಅಥವಾ ಹೆಡ್‌ಫೋನಿನಲ್ಲಿ ಒಂದೇ ಒಂದು ಟಿಕ್ ಕೇಳಿದರೆ ಅಲ್ಲಿಂದ 2° ಹಿಂದೆ ಬಂದು ಬಿಡಿ. ಕೊನೆಯ 5 ಪಿಎಸ್‌ಗಾಗಿ ಅಂಚಿಗೆ ಹೋಗುವುದು ಡೈನೊ ಹಾಳೆಗೆ ಚೆಂದ, ಏಪ್ರಿಲ್ ಬಿಸಿಲಿಗಲ್ಲ.
7. ಇನ್‌ಟೇಕ್ ಗಾಳಿ 50° ಸೆ. ದಾಟಿದರೆ ಟೈಮಿಂಗ್ ತಾನಾಗಿ ಕಡಿಮೆಯಾಗುವ ಕೋಷ್ಟಕ ತುಂಬಿಸಿ. ಆರನೇ ಸಿಲಿಂಡರಿಗೆ ಶೇಕಡಾ 2–3 ಹೆಚ್ಚು ಪೆಟ್ರೋಲ್ ಕೊಡುವ ಸೌಲಭ್ಯ ಇಸಿಯುನಲ್ಲಿದ್ದರೆ ಬಳಸಿ.

ಎಳೆತಗಳ ನಡುವೆ ಫ್ಯಾನ್ ಓಡಿಸಿ ನೀರು 85° ಆಸುಪಾಸಿಗೆ ಇಳಿಯಲು ಬಿಡಿ. ಮುಗಿದ ಮೇಲೆ ಆರನೇ ಪ್ಲಗ್ಗು ತೆಗೆದು ಮತ್ತೆ ನೋಡಿ.

ಆಯಿಲ್: ಆರ್‌ಬಿ26ರ ನಿಜವಾದ ಗೆರೆ

ಈ ಎಂಜಿನ್ ಸಾಯುವುದು ಶಕ್ತಿಯಿಂದ ಕಡಿಮೆ, ಆಯಿಲ್ ಇಲ್ಲದೆ ಹೆಚ್ಚು. ಆಯಿಲ್ ಪಂಪಿನ ಗೇರು ಕ್ರ್ಯಾಂಕಿನ ಮೂತಿಯ ಮೇಲೆಯೇ ಕೂತಿದೆ. ಮೊದಮೊದಲ ಆರ್32 ಕ್ರ್ಯಾಂಕಿನಲ್ಲಿ ಆ ಹಿಡಿತದ ಅಗಲ ತೀರ ಕಡಿಮೆ. ರೆವ್ ಲಿಮಿಟರಿಗೆ ಪದೇಪದೇ ಬಡಿದಾಗ ಬರುವ ನಡುಕಕ್ಕೆ ಗೇರು ಒಡೆಯುತ್ತದೆ. ಒಡೆದ ಕ್ಷಣವೇ ಪ್ರೆಷರ್ ಸೊನ್ನೆ, ಕೆಲವೇ ಸೆಕೆಂಡಿನಲ್ಲಿ ಬೇರಿಂಗು ಮುಗಿಯಿತು. ಎಂಜಿನ್ ಹೊರಗೆ ಬಂದಾಗ ಕ್ರ್ಯಾಂಕಿಗೆ ಅಗಲ ಕಾಲರ್, ಗಟ್ಟಿ ಗೇರಿನ ಪಂಪು ಹಾಕಿಸಿ. ಅಲ್ಲಿಯವರೆಗೆ ಲಿಮಿಟರನ್ನು 7,500ಕ್ಕೆ ಇಳಿಸಿ. ಲಿಮಿಟರ್ ಮೇಲೆ ಎಂಜಿನ್ ಬಡಿಸಿ ಸದ್ದು ಮಾಡುವ ಚಟ ಇರುವವರು ಈ ಎಂಜಿನ್ ತಂಟೆಗೆ ಬರದಿರುವುದೇ ವಾಸಿ.

ಎರಡನೇ ಸಮಸ್ಯೆ: ಹೆಚ್ಚು ಆರ್‌ಪಿಎಂನಲ್ಲಿ ಹೆಡ್ಡಿಗೆ ಏರಿದ ಆಯಿಲ್ ಕೆಳಗಿಳಿಯಲು ತಡ ಮಾಡುತ್ತದೆ. ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಬರಿದಾಗಿ, ಉದ್ದ ತಿರುವಿನಲ್ಲಿ ಪಿಕಪ್ ಗಾಳಿ ಹೀರುತ್ತದೆ. ರಸ್ತೆ ಓಟಕ್ಕೆ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ಆಯಿಲ್ ಇಡುವುದೇ ಸಾಕು. ಟ್ರ್ಯಾಕಿಗೆ ಹೋಗುವವರು ಬ್ಯಾಫಲ್ ಇರುವ ದೊಡ್ಡ ಸಂಪ್, ಹೆಡ್ಡಿಗೆ ಹೋಗುವ ದಾರಿಯಲ್ಲಿ ರೆಸ್ಟ್ರಿಕ್ಟರ್, ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಮೂರನ್ನೂ ಹಾಕಬೇಕು. ಥರ್ಮೋಸ್ಟಾಟ್ ಇಲ್ಲದ ಕೂಲರ್ ಚಳಿಯೂರಿನಲ್ಲಿ ಆಯಿಲನ್ನು ಬಿಸಿಯಾಗಲು ಬಿಡುವುದೇ ಇಲ್ಲ. 10ಡಬ್ಲ್ಯೂ-40 ಅಥವಾ ಬಿಸಿ ಊರಿಗೆ 10ಡಬ್ಲ್ಯೂ-50 ಪೂರ್ಣ ಸಿಂಥೆಟಿಕ್, 5,000 ಕಿ.ಮೀ.ಗೆ ಬದಲಾವಣೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ 1 ಬಾರ್, 6,000ದಲ್ಲಿ 4 ಬಾರ್‌ಗಿಂತ ಕೆಳಗೆ ಹೋದರೆ ಕಾರು ನಿಲ್ಲಿಸಿ. ಆಯಿಲ್ 80° ಮುಟ್ಟುವ ಮೊದಲು ಬೂಸ್ಟ್ ಬೇಡ, 130° ದಾಟಿದರೆ ಟ್ರ್ಯಾಕಿನ ಆ ಸುತ್ತು ಅಲ್ಲಿಗೇ ಮುಗಿಸಿ.

ಕ್ಲಚ್, ಬ್ರೇಕು

ಮೂಲ ಕ್ಲಚ್ 400 ಪಿಎಸ್ ಹತ್ತಿರ ನಾಲ್ಕನೇ ಗೇರಿನಲ್ಲಿ ಜಾರತೊಡಗುತ್ತದೆ: ಆರ್‌ಪಿಎಂ ಏರುತ್ತದೆ, ವೇಗ ಏರದು. ಒಂದೇ ಪ್ಲೇಟಿನ ಆರ್ಗ್ಯಾನಿಕ್ ಬಲವರ್ಧಿತ ಕ್ಲಚ್ ಸಾಕು, ಟ್ವಿನ್ ಪ್ಲೇಟ್ ಟ್ರಾಫಿಕ್ಕಿನಲ್ಲಿ ಕಾಲು ಕೀಳುತ್ತದೆ. ಆರ್32 ಕೊಳ್ಳುವಾಗ ಪುಶ್ ಮಾದರಿಯೋ ಪುಲ್ ಮಾದರಿಯೋ ನೋಡಿ ಆರ್ಡರ್ ಕೊಡಿ, ನಡುವೆ ಬದಲಾಗಿದೆ. ಬ್ರೇಂಬೊ ಇಲ್ಲದ ಆರ್32ಗೆ ಪ್ಯಾಡು, ದ್ರವ, ಹೋಸು ಮೂರೂ ಹೊಸದು ಬೇಕು, ಸಾಧ್ಯವಾದರೆ ಆರ್33ರ ಕ್ಯಾಲಿಪರ್.

ಬೇರೆ ಕಾರುಗಳಿಗೆ ಇದೇ ವಿಧಾನ, ಸೋಲುವ ಭಾಗ ಬೇರೆ

ಜಪಾನ್ ಮಾದರಿಯ ಸುಪ್ರಾದಲ್ಲೂ (ಜೆಝಡ್‌ಎ80) ಸೆರಾಮಿಕ್ ಟರ್ಬೊ ಮತ್ತು 440 ಸಿಸಿ ಇಂಜೆಕ್ಟರ್; ರಫ್ತು ಮಾದರಿಯಲ್ಲಿ ಉಕ್ಕು ಮತ್ತು 550. ಅಮೆರಿಕದವರು ಬರೆದ ಬೂಸ್ಟ್ ಅಂಕಿಯನ್ನು ಜಪಾನಿ ಕಾರಿಗೆ ಹಾಕಿ ಟರ್ಬೊ ಒಡೆದುಕೊಳ್ಳುವುದು ಇವತ್ತಿಗೂ ನಡೆಯುತ್ತಿದೆ. ಆರ್‌ಎಕ್ಸ್-7ರ (ಎಫ್‌ಡಿ) ರೋಟರಿಗೆ ನಾಕ್ ಎಂಬುದಕ್ಕೆ ಎರಡನೇ ಅವಕಾಶ ಇಲ್ಲ, ರೋಟರಿನ ತುದಿಯ ಅಪೆಕ್ಸ್ ಸೀಲ್ ಒಂದೇ ಏಟಿಗೆ ಹೋಗುತ್ತದೆ. ಅಲ್ಲಿ ಪೆಟ್ರೋಲ್ ದಪ್ಪವಾಗಿಯೂ ಟೈಮಿಂಗ್ ಹಿಂದೆಯೂ ಇರಬೇಕು. ಇಂಪ್ರೆಜಾದ ಇಜೆ20ರಲ್ಲಿ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಮೊದಲು ಬಿರಿಯುತ್ತದೆ. ಲ್ಯಾನ್ಸರಿನ 4ಜಿ63 ಇವೆಲ್ಲಕ್ಕಿಂತ ಕ್ಷಮಾಶೀಲ.

ಟ್ಯೂನ್ ಆದ ಮೇಲೆ

500 ಕಿ.ಮೀ. ಆದಾಗ ಆಯಿಲ್ ಬದಲಿಸಿ ಫಿಲ್ಟರ್ ಕತ್ತರಿಸಿ ನೋಡಿ, ಮಡಿಕೆಗಳಲ್ಲಿ ಹೊಳೆಯುವ ಚೂರು ಇರಬಾರದು. ಹೋಸಿನ ಕ್ಲಿಪ್ಪುಗಳನ್ನು ಮತ್ತೆ ಬಿಗಿಯಿರಿ, ಟರ್ಬೊ ಹಿಂದಿನ ನಟ್ಟುಗಳಿಗೆ ಬಿಸಿಯಾಗಿ ತಣಿದ ಮೇಲೆ ಟಾರ್ಕ್ ರೆಂಚ್ ಕೊಡಿ. ಒಂದು ಎಳೆತದ ಲಾಗ್ ಉಳಿಸಿಟ್ಟುಕೊಂಡು ಆರು ತಿಂಗಳಿಗೊಮ್ಮೆ ಅದೇ ಗೇರಿನಲ್ಲಿ, ಹೆಚ್ಚೂಕಡಿಮೆ ಅದೇ ಹವೆಯಲ್ಲಿ ಮತ್ತೊಂದು ಎಳೆದು ಹೋಲಿಸಿ. ಬೂಸ್ಟ್ ಅದೇ ಇದ್ದು ಇಂಜೆಕ್ಟರ್ ಡ್ಯೂಟಿ ಏರಿದ್ದರೆ ಪಂಪೋ ಫಿಲ್ಟರೋ ಸೋಲುತ್ತಿರಬಹುದು. ಲ್ಯಾಂಬ್ಡಾ 0.80 ಇದ್ದದ್ದು 0.84 ಆಗಿದ್ದರೆ ಕಾರಣ ಸಿಗುವವರೆಗೆ ಬೂಸ್ಟ್ ಕಂಟ್ರೋಲರನ್ನು ಸೊನ್ನೆಗೆ ಇಳಿಸಿ ಓಡಿಸಿ.